ಬಟನ್ ಒತ್ತುವವರೆಗೂ ಕಾಯುವ ಪ್ರೋಗ್ರಾಂ

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇಫ್, ಫಾರ್, ವೈಲ್, ಫಂಕ್ಷನ್ ಎಲ್ಲ ಕಲಿತ ಮಕ್ಕಳು ಮೊದಲ ಸಲ ವಿಂಡೋ ಇರುವ ಪ್ರೋಗ್ರಾಂ ಬರೆಯಲು ಕೂತಾಗ ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ: "ಮೇಡಂ, ಇದು ಎಲ್ಲಿಂದ ಎಲ್ಲಿಗೆ ಓಡುತ್ತೆ?" ಬಟನ್ ಇಡುವುದು, ಬಣ್ಣ ಕೊಡುವುದು, ಅಕ್ಷರ ದೊಡ್ಡದು ಮಾಡುವುದು ಅವರಿಗೆ ಕಷ್ಟವೇ ಅಲ್ಲ. ಅದನ್ನೆಲ್ಲ ಬೇಗ ಹಿಡಿದುಬಿಡುತ್ತಾರೆ. ಆದರೆ ಬಟನ್‌ಗೆಂದು ಬರೆದ ಫಂಕ್ಷನ್ನನ್ನು (ಹೆಸರಿಟ್ಟು ಬರೆದಿಡುವ ಒಂದು ಕೆಲಸವನ್ನು) ತಾವು ಎಲ್ಲೂ ಕರೆದೇ ಇಲ್ಲ, ಅಂದರೆ ಓಡಿಸು ಅಂತ ಹೇಳಿಯೇ ಇಲ್ಲ, ಆದರೂ ಅದು ಓಡುತ್ತಿದೆ. ಹಾಗಾದರೆ ಕರೆದವರು ಯಾರು? ಇಲ್ಲಿ ಸಿಕ್ಕಿಕೊಳ್ಳುತ್ತಾರೆ.

ಈ ಪ್ರಶ್ನೆ ಬಹಳ ಒಳ್ಳೆಯದು. ಎಷ್ಟೋ ವಿಡಿಯೊಗಳಲ್ಲಿ ಇದನ್ನು ಮುಟ್ಟದೆ ನೇರವಾಗಿ ಬಟನ್, ಲೇಬಲ್ (ಅಕ್ಷರ ತೋರಿಸುವ ಜಾಗ), ಎಂಟ್ರಿ ಬಾಕ್ಸ್ (ಟೈಪ್ ಮಾಡುವ ಜಾಗ) ಅಂತ ಒಂದೊಂದೇ ತೋರಿಸುತ್ತಾ ಹೋಗುತ್ತಾರೆ. ಮಕ್ಕಳು ನೋಡಿ ನೋಡಿ ಟೈಪ್ ಮಾಡುತ್ತಾರೆ, ವಿಂಡೋ ಬರುತ್ತದೆ, ಖುಷಿಯಾಗುತ್ತದೆ. ಸ್ವಂತವಾಗಿ ಏನಾದರೂ ಮಾಡಲು ಹೋದ ದಿನ ಕೈ ಕಟ್ಟಿಹಾಕಿದ ಹಾಗಾಗುತ್ತದೆ. ಅದಕ್ಕೆ ನಾನು ಪಾಠದ ಕ್ರಮವನ್ನೇ ತಿರುಗಿಸಿದ್ದೇನೆ. ಮೊದಲು ಕಾಯುವ ಲೂಪ್, ಅಂದರೆ ಮತ್ತೆ ಮತ್ತೆ ಸುತ್ತುತ್ತಾ ಓಡುವ ಸಾಲುಗಳು; ಆಮೇಲೆ ಬಟನ್. ಆ ಲೂಪನ್ನು ಮಕ್ಕಳು ತಮ್ಮ ಕೈಯಾರೆ ಬರೆದಿರಬೇಕು. ಯಾಕೆ ಅಂತ ಈ ಬರಹದಲ್ಲಿ ಹೇಳುತ್ತೇನೆ.

ನಾನು ತಿಪಟೂರಿನಲ್ಲಿ ವಾರದ ಕೊನೆಗೆ ಪಿಯುಸಿ, ಡಿಪ್ಲೊಮಾ ಓದುವ ಮಕ್ಕಳಿಗೆ ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ. ಅವರಲ್ಲಿ ಒಬ್ಬ ಹುಡುಗಿಯ ತಂದೆ ಊರಿನ ಹಾಲಿನ ಡೈರಿಯಲ್ಲಿ ಲೆಕ್ಕ ಬರೆಯುತ್ತಾರೆ. ಅವಳು ಅಪ್ಪನಿಗಾಗಿ ಒಂದು ಪ್ರೋಗ್ರಾಂ ಬರೆದು ತಂದಿದ್ದಳು. ಓಡಿಸಿದರೆ "ಸದಸ್ಯರ ನಂಬರ್?" ಎಂದು ಕೇಳುತ್ತದೆ. ಕೊಟ್ಟರೆ "ಎಷ್ಟು ಲೀಟರ್?" ಅನ್ನುತ್ತದೆ. ಆಮೇಲೆ "ಫ್ಯಾಟ್ ಎಷ್ಟು?" ಮೂರೂ ಆದ ಮೇಲೆ ದುಡ್ಡು ಲೆಕ್ಕ ಹಾಕಿ ತೋರಿಸಿ ಮತ್ತೆ ಮೊದಲಿಂದ ಶುರು. ಅಚ್ಚುಕಟ್ಟಾಗಿ ಬರೆದಿದ್ದಳು. ಆದರೆ ಬೆಳಗಿನ ಆರು ಗಂಟೆಗೆ ಕ್ಯಾನ್ ಹಿಡಿದು ಜನ ನಿಂತಿರುವಾಗ ಅವಳ ಅಪ್ಪ ಲೀಟರ್ ತಪ್ಪು ಹಾಕಿದರು ಅಂತಿಟ್ಟುಕೊಳ್ಳಿ. ಹಿಂದೆ ಹೋಗುವ ದಾರಿಯೇ ಇಲ್ಲ. ಫ್ಯಾಟ್ ಕೊಟ್ಟು ಮುಗಿಸಲೇಬೇಕು. ನಡುವೆ ಯಾರೋ ಬಂದು "ನಿನ್ನೆ ನಂದು ಎಷ್ಟಾಗಿತ್ತು ನೋಡಿ ಹೇಳಣ್ಣ" ಅಂದರೆ ಅದೂ ಆಗುವುದಿಲ್ಲ.

ಇಲ್ಲಿ ಯಜಮಾನಿಕೆ ಪ್ರೋಗ್ರಾಂನದ್ದು. ಅದು ಕೇಳಿದ್ದನ್ನು, ಅದು ಕೇಳಿದ ಹೊತ್ತಿಗೆ, ಅದು ಕೇಳಿದ ಕ್ರಮದಲ್ಲೇ ಕೊಡಬೇಕು. ವಿಂಡೋದಲ್ಲಿ ಹಾಗಲ್ಲ. ಮೂರು ಬಾಕ್ಸ್, ಎರಡು ಬಟನ್ ಕಣ್ಣೆದುರು ಇರುತ್ತವೆ. ಮೊದಲು ಫ್ಯಾಟ್ ತುಂಬಬಹುದು, ನಂಬರ್ ಅಳಿಸಿ ಮತ್ತೆ ಬರೆಯಬಹುದು, ಏನೂ ತುಂಬದೆ "ನಿನ್ನೆಯ ಲೆಕ್ಕ" ಒತ್ತಬಹುದು. ಮುಂದೆ ಏನು ಬರುತ್ತದೆ ಅಂತ ಪ್ರೋಗ್ರಾಂಗೆ ಗೊತ್ತಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ. ಏನು ಬಂದರೆ ಏನು ಮಾಡಬೇಕು ಅನ್ನುವುದಷ್ಟು ಗೊತ್ತಿದ್ದರೆ ಸಾಕು. ಹೀಗೆ ಬರುವ ಒಂದೊಂದು ಒತ್ತು, ಒಂದೊಂದು ಕೀ ಒಂದು ಈವೆಂಟ್, ಅಂದರೆ ಘಟನೆ. ಈವೆಂಟ್ ಆಧಾರಿತ ಪ್ರೋಗ್ರಾಮಿಂಗ್ ಅಂದರೆ ಇಷ್ಟೇ. ಆದರೆ ಹೀಗೆ ಬಾಯಲ್ಲಿ ಹೇಳಿದರೆ ಮಕ್ಕಳು ತಲೆ ಆಡಿಸುತ್ತಾರೆ ಹೊರತು ಒಳಗೆ ಇಳಿಯುವುದಿಲ್ಲ. ಕೈಯಲ್ಲಿ ಮಾಡಿಸಬೇಕು.

ಹಾಗಾಗಿ ಮೊದಲ ಕೆಲಸಕ್ಕೆ ವಿಂಡೋ ಬೇಡವೇ ಬೇಡ. ಬರೀ ಅಕ್ಷರ ಟೈಪ್ ಮಾಡುವ ಅದೇ ಕಪ್ಪು ಟರ್ಮಿನಲ್ ಸಾಕು. ಒಂದು ವೈಲ್ ಲೂಪ್, ನಿಲ್ಲದೆ ಓಡುವಂಥದ್ದು. ಒಳಗೆ ಒಂದೇ ಒಂದು ಇನ್‌ಪುಟ್. ಬಳಸುವವರು "ಸೇರಿಸು 12 6.5" ಎಂದು ಬರೆದರೆ ಹನ್ನೆರಡನೇ ನಂಬರಿನವರು ಆರೂವರೆ ಲೀಟರ್ ತಂದಿದ್ದಾರೆ ಅಂತ ಅರ್ಥ. "ತೆಗೆ 12" ಅಂದರೆ ಅವರ ಕೊನೆಯ ಲೆಕ್ಕ ಅಳಿಸಬೇಕು. "ಮೊತ್ತ" ಅಂದರೆ ಇಲ್ಲಿಯವರೆಗಿನ ಒಟ್ಟು ಲೀಟರ್. "ಸಾಕು" ಅಂದರೆ ಲೂಪ್ ನಿಲ್ಲಬೇಕು. ಮಕ್ಕಳು ಮೊದಲಿಗೆ ಇದನ್ನು ಇಫ್, ಎಲಿಫ್, ಎಲಿಫ್ ಅಂತ ಬರೆಯುತ್ತಾರೆ. ಬರೆಯಲಿ. ಹತ್ತು ಆಜ್ಞೆ ಆಗುವಷ್ಟರಲ್ಲಿ ಅವರಿಗೇ ಬೇಜಾರಾಗುತ್ತದೆ.

ಆಗ ಪೈಥಾನ್‌ನ ಡಿಕ್ಷನರಿ ತೋರಿಸುತ್ತೇನೆ, ಅಂದರೆ ಜೋಡಿ ಜೋಡಿಯಾಗಿ ಬರೆದ ಪಟ್ಟಿ. ಎಡಗಡೆ ಪದ, ಬಲಗಡೆ ಫಂಕ್ಷನ್. "ಸೇರಿಸು" ಎಂಬ ಪದದ ಮುಂದೆ ಸೇರಿಸು ಎಂಬ ಫಂಕ್ಷನ್, "ಮೊತ್ತ" ಎಂಬ ಪದದ ಮುಂದೆ ಮೊತ್ತ ಎಂಬ ಫಂಕ್ಷನ್. ಲೂಪ್ ಮಾಡುವುದು ಮೂರೇ ಕೆಲಸ: ಒಂದು ಸಾಲು ಬರುವವರೆಗೆ ಕಾಯುವುದು, ಅದರ ಮೊದಲ ಪದವನ್ನು ಡಿಕ್ಷನರಿಯಲ್ಲಿ ಹುಡುಕುವುದು, ಸಿಕ್ಕ ಫಂಕ್ಷನ್ನನ್ನು ಓಡಿಸುವುದು. ಮತ್ತೆ ಕಾಯುವುದು. ಹೊಸ ಆಜ್ಞೆ ಬೇಕಾದರೆ ಲೂಪನ್ನು ಮುಟ್ಟುವ ಹಾಗಿಲ್ಲ. ಒಂದು ಫಂಕ್ಷನ್ ಬರೆದು ಡಿಕ್ಷನರಿಯಲ್ಲಿ ಒಂದು ಸಾಲು ಸೇರಿಸಿದರೆ ಆಯಿತು. ಹದಿನೈದು ಸಾಲಿನ ಒಳಗೆ ಎಲ್ಲ ಮುಗಿಯುತ್ತದೆ. ನನ್ನ ಮಟ್ಟಿಗೆ ಇಡೀ ಪಾಠದಲ್ಲಿ ಇದಕ್ಕಿಂತ ಮುಖ್ಯವಾದ ಹದಿನೈದು ಸಾಲು ಇಲ್ಲ.

ಫಂಕ್ಷನ್ ಹೆಸರು ಕನ್ನಡದಲ್ಲೇ ಇಡಬಹುದಾ ಅಂತ ಕೆಲವರು ಕೇಳುತ್ತಾರೆ. ಇಡಬಹುದು. 2008ರಲ್ಲಿ ಬಂದ ಪೈಥಾನ್ 3ರಿಂದ ಕನ್ನಡದ ಹೆಸರುಗಳು ನಡೆಯುತ್ತವೆ. ಡೆಫ್, ಇಫ್, ವೈಲ್‌ನಂಥ ಪದಗಳು ಮಾತ್ರ ಇಂಗ್ಲಿಷಿನಲ್ಲೇ ಇರಬೇಕು. ನಮ್ಮ ಮಕ್ಕಳಿಗೆ ಇದರಿಂದ ತುಂಬ ಅನುಕೂಲ. ಯಾವುದು ಪೈಥಾನ್ ಕೊಟ್ಟಿದ್ದು, ಯಾವುದು ತಾವು ಇಟ್ಟ ಹೆಸರು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಒಂದೇ ಎಚ್ಚರಿಕೆ: ಒತ್ತಕ್ಷರ ಆಗದಂತೆ ಬಿಡಿಸಿ ಬರೆಯಲು ನಾವು ಹಾಕುವ ಕಣ್ಣಿಗೆ ಕಾಣದ ಅಕ್ಷರವನ್ನು ಪೈಥಾನ್ ಹೆಸರಿನೊಳಗೆ ಒಪ್ಪುವುದಿಲ್ಲ. ಸಿಂಟ್ಯಾಕ್ಸ್ ಎರರ್ ಕೊಡುತ್ತದೆ. ಸೇರಿಸು, ಅಳಿಸು, ಮೊತ್ತ ಇಂಥ ಸರಳ ಹೆಸರಿಟ್ಟರೆ ಆ ತಕರಾರೇ ಇಲ್ಲ.

ಡಿಕ್ಷನರಿ ಬರೆಯುವಾಗ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಬಲಗಡೆ ಬರೆಯುವುದು ಸೇರಿಸು, ಸೇರಿಸು() ಅಲ್ಲ. ಕಂಸ ಹಾಕಿದರೆ ಈಗಲೇ ಓಡಿಸು ಅಂತ. ಕಂಸ ಇಲ್ಲದಿದ್ದರೆ ಆ ಫಂಕ್ಷನ್ನೇ ಒಂದು ವಸ್ತು. ಅದನ್ನು ಎತ್ತಿ ಇನ್ನೊಬ್ಬರ ಕೈಗೆ ಕೊಡಬಹುದು, ಬೇಕಾದಾಗ ಅವರು ಓಡಿಸಿಕೊಳ್ಳುತ್ತಾರೆ. ಇದು ತಲೆಯಲ್ಲಿ ಕೂರಲಿಲ್ಲ ಅಂದರೆ ಮುಂದಿನ ಪಾಠವೇ ನಡೆಯುವುದಿಲ್ಲ.

ಇಷ್ಟಾದ ಮೇಲೆ ಟಿಕಿಂಟರ್, ಅಂದರೆ ಪೈಥಾನ್‌ನಲ್ಲಿ ವಿಂಡೋ ಮಾಡಲು ಇರುವ ಸಲಕರಣೆ. ಪೈಥಾನ್ ಹಾಕಿಕೊಂಡರೆ ವಿಂಡೋಸ್‌ನಲ್ಲಿ ಜೊತೆಗೇ ಬರುತ್ತದೆ. ಉಬುಂಟುವಿನಲ್ಲಿ ಪೈಥಾನ್3-ಟಿಕೆ ಎಂಬ ಪ್ಯಾಕೇಜನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಇದರ ಒಳಗಿರುವ ಟಿಕೆ ಬಹಳ ಹಳೆಯದು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಜಾನ್ ಔಸ್ಟರ್‌ಹೌಟ್ 1988ರಲ್ಲಿ ಟಿಕಲ್ ಎಂಬ ಭಾಷೆ ಮಾಡಿದರು. ಅದರ ಜೊತೆಗೆ ವಿಂಡೋ, ಬಟನ್ ಮಾಡಲು ಬಂದದ್ದು ಟಿಕೆ. ನೋಡಲು ಹಳೆಯ ಕಾಲದ್ದರಂತೆ ಇದೆ ಅಂತ ಮಕ್ಕಳು ಮೂಗು ಮುರಿಯುತ್ತಾರೆ. ನನಗೆ ಅದು ಇಷ್ಟ ಆಗುವುದಕ್ಕೆ ಕಾರಣ ಬೇರೆ. ಪ್ರೋಗ್ರಾಂನ ಕೊನೆಯಲ್ಲಿ ಮೇನ್‌ಲೂಪ್ ಎಂಬ ಸಾಲನ್ನು ನಾವೇ ಬರೆಯಬೇಕು. ಅದು ಬೇರೇನೂ ಅಲ್ಲ. ನಾವು ಟರ್ಮಿನಲ್‌ನಲ್ಲಿ ಬರೆದ ಅದೇ ವೈಲ್ ಲೂಪ್, ಇನ್ಯಾರೋ ಬರೆದಿಟ್ಟಿದ್ದು. ಅಲ್ಲಿ ಒಂದು ಸಾಲು ಬರಲಿ ಅಂತ ಕಾಯುತ್ತಿದ್ದೆವು, ಇಲ್ಲಿ ಮೌಸ್, ಕೀಬೋರ್ಡ್‌ನಿಂದ ಏನಾದರೂ ಬರಲಿ ಅಂತ ಕಾಯುತ್ತದೆ. ಬಟನ್ ಮಾಡುವಾಗ ಕಮ್ಯಾಂಡ್ ಎಂಬಲ್ಲಿ ನಾವು ಕೊಡುವ ಫಂಕ್ಷನ್ ಹೆಸರು ಆ ಡಿಕ್ಷನರಿಯ ಒಂದು ಸಾಲು ಅಷ್ಟೇ.

ಇದನ್ನು ಹೇಳಿದ ಕ್ಷಣ "ಓ, ಹಾಗಾದ್ರೆ ಕರೆಯೋದು ಮೇನ್‌ಲೂಪು" ಅಂತ ಯಾರಾದರೂ ಒಬ್ಬರು ಕೂಗುತ್ತಾರೆ. ಟರ್ಮಿನಲ್ ಲೂಪ್ ಬರೆಯದೆ ನೇರವಾಗಿ ಬಟನ್‌ಗೆ ಬಂದ ಮಕ್ಕಳಿಂದ ಈ ಮಾತು ಬರುವುದಿಲ್ಲ.

ಮೇನ್‌ಲೂಪ್ ಬರೆಯುವುದನ್ನು ಮರೆತರೆ ಏನಾಗುತ್ತದೆ ಅಂತಲೂ ಮಾಡಿಸಿ ನೋಡಬೇಕು. ಟರ್ಮಿನಲ್‌ನಿಂದ ಓಡಿಸಿದರೆ ವಿಂಡೋ ನಿಲ್ಲುವುದೇ ಇಲ್ಲ, ಕೊನೆಯ ಸಾಲಿಗೆ ಬಂದು ಪ್ರೋಗ್ರಾಂ ಮುಗಿದುಹೋಗುತ್ತದೆ. ಪೈಥಾನ್ ಜೊತೆ ಬರುವ ಐಡಲ್ ಎಂಬ ಎಡಿಟರ್‌ನಲ್ಲಿ ಓಡಿಸಿದರೆ ಮಾತ್ರ ಮೇನ್‌ಲೂಪ್ ಇಲ್ಲದೆಯೂ ವಿಂಡೋ ಬರುತ್ತದೆ, ಬಟನ್ ಕೆಲಸವನ್ನೂ ಮಾಡುತ್ತದೆ. ಯಾಕೆಂದರೆ ಈವೆಂಟ್‌ಗಳನ್ನು ನೋಡಿಕೊಳ್ಳುವ ಕೆಲಸವನ್ನು ಐಡಲ್ ತಾನೇ ಹಿಂದಿನಿಂದ ಮಾಡುತ್ತಿರುತ್ತದೆ. ಲ್ಯಾಬ್‌ನಲ್ಲಿ ಓಡಿದ ಪ್ರೋಗ್ರಾಂ ಮನೆಯಲ್ಲಿ ಡಬಲ್ ಕ್ಲಿಕ್ ಮಾಡಿದರೆ ಮಿಂಚಿ ಮಾಯವಾಗುತ್ತದೆ ಅನ್ನುವ ದೂರಿಗೆ ಬಹಳ ಸಲ ಇದೇ ಕಾರಣ.

ಇನ್ನು ಕಂಸದ ವಿಷಯಕ್ಕೆ ಮತ್ತೆ ಬರೋಣ. ಬಟನ್‌ನ ಕಮ್ಯಾಂಡ್‌ಗೆ ಸೇರಿಸು() ಅಂತ ಕೊಟ್ಟರೆ ಎರರ್ ಬರುವುದಿಲ್ಲ. ಇದೇ ತೊಂದರೆ. ಬಟನ್ ತಯಾರಾಗುವ ಹೊತ್ತಿಗೇ ಫಂಕ್ಷನ್ ಒಂದು ಸಲ ಓಡಿಬಿಡುತ್ತದೆ. ಅದು ಏನನ್ನೂ ವಾಪಸ್ ಕೊಡದ ಕಾರಣ ಬಟನ್ ಕೈಗೆ ಸಿಗುವುದು ನನ್ (None), ಅಂದರೆ ಏನೂ ಇಲ್ಲ. ಆಮೇಲೆ ಎಷ್ಟು ಒತ್ತಿದರೂ ಬಟನ್ ಒಳಗೆ ಹೋಗಿ ಹೊರಗೆ ಬರುತ್ತದೆ, ಅಷ್ಟೇ. ಮಕ್ಕಳಿಗೆ ಬಟನ್ ಕೆಟ್ಟಿದೆ ಅನಿಸುತ್ತದೆ. ಫಂಕ್ಷನ್ನಿನ ಮೊದಲ ಸಾಲಿನಲ್ಲಿ ಒಂದು ಪ್ರಿಂಟ್ ಹಾಕಿ ಅನ್ನುತ್ತೇನೆ. ಓಡಿಸಿದ ತಕ್ಷಣ, ಯಾರೂ ಏನೂ ಒತ್ತದೆ, ಟರ್ಮಿನಲ್‌ನಲ್ಲಿ ಆ ಸಾಲು ಕಾಣಿಸಿಕೊಳ್ಳುತ್ತದೆ. ಅದನ್ನು ನೋಡಿದ ಮೇಲೆ ವಿವರಿಸುವ ಅಗತ್ಯವೇ ಬೀಳುವುದಿಲ್ಲ.

ಪ್ರಿಂಟ್ ಅಂದಾಗ ನೆನಪಾಯಿತು. ವಿಂಡೋ ಪ್ರೋಗ್ರಾಂ ಬರೆಯುವಾಗ ಟರ್ಮಿನಲ್ ಪಕ್ಕದಲ್ಲಿ ತೆರೆದೇ ಇರಲಿ. ಟಿಕಿಂಟರ್‌ನಲ್ಲಿ ಬಟನ್‌ನ ಫಂಕ್ಷನ್ ಒಳಗೆ ಎರರ್ ಆದರೆ ಪ್ರೋಗ್ರಾಂ ಸಾಯುವುದಿಲ್ಲ. ಎರರ್ ಸಾಲುಗಳು ಟರ್ಮಿನಲ್‌ಗೆ ಹೋಗುತ್ತವೆ, ವಿಂಡೋ ಏನೂ ಆಗದಂತೆ ಮುಂದಿನ ಈವೆಂಟ್‌ಗೆ ಕಾಯುತ್ತಾ ಕೂರುತ್ತದೆ. ಟರ್ಮಿನಲ್ ಮುಚ್ಚಿದ್ದರೆ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ.

ಈವೆಂಟ್‌ಗಳನ್ನು ಕಣ್ಣಿಂದ ನೋಡಬೇಕು ಅಂದರೆ ಒಂದು ಚಿಕ್ಕ ಪ್ರಯೋಗ ಮಾಡಿಸುತ್ತೇನೆ. ಖಾಲಿ ವಿಂಡೋ. ಬೈಂಡ್ (ಈವೆಂಟ್‌ಗೆ ಫಂಕ್ಷನ್ ಕಟ್ಟುವ ಆಜ್ಞೆ) ಬಳಸಿ ಅದಕ್ಕೆ ಐದು ಈವೆಂಟ್ ಕಟ್ಟುವುದು: ಮೌಸ್ ಬಟನ್ ಒತ್ತಿದ್ದು, ಬಿಟ್ಟಿದ್ದು, ಮೌಸ್ ವಿಂಡೋ ಒಳಗೆ ಬಂದಿದ್ದು, ಹೊರಗೆ ಹೋಗಿದ್ದು, ಒಳಗೆ ಅಲುಗಾಡಿದ್ದು. ಪ್ರತಿಯೊಂದಕ್ಕೂ ಫಂಕ್ಷನ್ ಸುಮ್ನೆ ಒಂದು ಸಾಲು ಪ್ರಿಂಟ್ ಮಾಡಿದರೆ ಸಾಕು. ಓಡಿಸಿ ಮೌಸ್ ಆಡಿಸಿದರೆ ಟರ್ಮಿನಲ್‌ನಲ್ಲಿ ಸಾಲುಗಳು ಧಾರಾಕಾರ ಸುರಿಯುತ್ತವೆ. ಒಂದು ಕ್ಲಿಕ್ ಅಂದರೆ ಒಂದು ಘಟನೆ ಅಂದುಕೊಂಡಿದ್ದವರಿಗೆ ಒತ್ತಿದ್ದು ಬೇರೆ, ಬಿಟ್ಟಿದ್ದು ಬೇರೆ ಅಂತ ಕಾಣುತ್ತದೆ. ಟಿಕೆಯ ಬಟನ್ ಕೆಲಸ ಮಾಡುವುದು ಬಿಟ್ಟಾಗ, ಅದೂ ಪಾಯಿಂಟರ್ ಇನ್ನೂ ಬಟನ್ ಮೇಲೇ ಇದ್ದರೆ. ಒತ್ತಿ ಹಿಡಿದು, ಪಕ್ಕಕ್ಕೆ ಎಳೆದು ಬಿಟ್ಟರೆ ಏನೂ ಆಗುವುದಿಲ್ಲ. ತಪ್ಪಿ "ಅಳಿಸು" ಮೇಲೆ ಕೈ ಹೋದವರಿಗೆ ಜಾರಿಕೊಳ್ಳಲು ಅದೊಂದು ಅವಕಾಶ. ದಿನಾ ಬಳಸುವ ವಸ್ತುವಿನಲ್ಲಿ ಇಷ್ಟು ಸೂಕ್ಷ್ಮ ಇದೆ ಅಂತ ಗೊತ್ತಾದಾಗ ಮಕ್ಕಳ ಮುಖ ನೋಡಬೇಕು.

ಮೌಸ್ ಅಲ್ಲಾಡಿದ್ದು ನಮ್ಮ ಫಂಕ್ಷನ್‌ವರೆಗೆ ಹೇಗೆ ಬರುತ್ತದೆ? ಮೊದಲು ಆಪರೇಟಿಂಗ್ ಸಿಸ್ಟಂಗೆ ತಿಳಿಯುತ್ತದೆ. ಪಾಯಿಂಟರ್ ಯಾರ ವಿಂಡೋ ಮೇಲಿದೆ ಅಂತ ಅದು ನೋಡುತ್ತದೆ. ಆ ಪ್ರೋಗ್ರಾಂಗೆಂದು ಇಟ್ಟಿರುವ ಸರತಿ ಸಾಲಿನಲ್ಲಿ (ಕ್ಯೂನಲ್ಲಿ) ಒಂದು ಚೀಟಿ ಸೇರಿಸುತ್ತದೆ. ಮೇನ್‌ಲೂಪ್ ಆ ಸಾಲಿನಿಂದ ಒಂದೊಂದೇ ತೆಗೆದು, ಯಾವ ಬಟನ್, ಯಾವ ಬಾಕ್ಸ್‌ಗೆ ಸೇರಿದ್ದು ಅಂತ ಹುಡುಕಿ ಫಂಕ್ಷನ್ ಓಡಿಸುತ್ತದೆ. ವಿಂಡೋಸ್‌ನಲ್ಲಿ ಇದೇ ಲೂಪನ್ನು ಕೈಯಲ್ಲಿ ಬರೆಯುವವರು ಗೆಟ್‌ಮೆಸೇಜ್, ಡಿಸ್ಪ್ಯಾಚ್‌ಮೆಸೇಜ್ ಎಂದು ಬರೆಯುತ್ತಾರೆ. ಹೆಸರು ಬೇರೆ, ಲೂಪ್ ಅದೇ.

ಹಳೆಯ ಕಾಲದಲ್ಲಿ ಎಲ್ಲರೂ ಇದನ್ನು ಕೈಯಲ್ಲೇ ಬರೆಯುತ್ತಿದ್ದರು. ಡಗ್ಲಸ್ ಎಂಗಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜನರ ಮುಂದೆ ಮೌಸ್ ಹಿಡಿದು ತೋರಿಸಿದ್ದು 1968ರ ಡಿಸೆಂಬರ್ 9ರಂದು. ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ 1973ರಲ್ಲಿ ಮೌಸ್ ಇಟ್ಟುಕೊಂಡ ಆಲ್ಟೊ ಕಂಪ್ಯೂಟರ್ ಬಂತು. 1984ರಲ್ಲಿ ಆಪಲ್‌ನ ಮ್ಯಾಕಿಂಟಾಷ್ ಬಂದಾಗ ಅದಕ್ಕೆ ಪ್ರೋಗ್ರಾಂ ಬರೆಯುವವರು ಗೆಟ್‌ನೆಕ್ಸ್ಟ್‌ಈವೆಂಟ್ ಎಂದು ಕೇಳುತ್ತಾ ಸುತ್ತುವ ಲೂಪ್ ಬರೆಯಬೇಕಿತ್ತು. ಆ ಲೂಪನ್ನು ಸಾಮಾನ್ಯರ ಕಣ್ಣಿಂದ ಪೂರ್ತಿ ಮರೆಮಾಡಿದ್ದು 1991ರ ವಿಷುಯಲ್ ಬೇಸಿಕ್. ಬಟನ್ ಎಳೆದು ಫಾರ್ಮ್ ಮೇಲೆ ಇಟ್ಟು ಡಬಲ್ ಕ್ಲಿಕ್ ಮಾಡಿದರೆ ಕಮ್ಯಾಂಡ್1_ಕ್ಲಿಕ್ ಎಂಬ ಖಾಲಿ ಸಬ್ (ಅಲ್ಲಿನ ಫಂಕ್ಷನ್) ತಾನಾಗಿ ಬರುತ್ತಿತ್ತು, ಒಳಗೆ ಬರೆದರೆ ಮುಗಿಯಿತು. ನನ್ನ ವಯಸ್ಸಿನ ಬಹಳಷ್ಟು ಜನ ಕಾಲೇಜಿನ ಲ್ಯಾಬ್‌ನಲ್ಲಿ ವಿಬಿ 6ರಲ್ಲೇ ಇದನ್ನು ಕಲಿತವರು. ಅದರಿಂದ ಎಷ್ಟೋ ಜನ ಧೈರ್ಯವಾಗಿ ಅಂಗಡಿ ಬಿಲ್ಲಿಂಗ್, ಶಾಲೆಯ ಫೀಸ್ ಲೆಕ್ಕದ ಪ್ರೋಗ್ರಾಂ ಬರೆದರು. ಅದು ದೊಡ್ಡ ಉಪಕಾರ. ಆದರೆ ಪಾಠ ಹೇಳುವವರ ಕಣ್ಣಿಂದ ನೋಡಿದರೆ, ಲೂಪ್ ಕಾಣದಿದ್ದರೆ ಕರೆದವರು ಯಾರು ಎಂಬ ಪ್ರಶ್ನೆಗೆ ಉತ್ತರವೂ ಕಾಣುವುದಿಲ್ಲ.

ಈಗ ಡೈರಿ ಪ್ರೋಗ್ರಾಂ. ಮೂರು ಎಂಟ್ರಿ ಬಾಕ್ಸ್, "ಸೇರಿಸು" ಬಟನ್, ಕೆಳಗೆ ಒಟ್ಟು ತೋರಿಸುವ ಲೇಬಲ್. ಮೊದಲ ಆವೃತ್ತಿ ಮಕ್ಕಳೇ ಬರೆದರು, ನಡೆಯಿತು. ಆ ಹುಡುಗಿ ಅಪ್ಪನ ಹತ್ತಿರ ತೋರಿಸಿ ಬಂದಳು. ಅವರು ಹೇಳಿದ್ದು ಒಂದೇ ಮಾತಂತೆ: "ಒಂದು ಕೈಲಿ ಸ್ಯಾಂಪಲ್ ಬಾಟ್ಲಿ ಇರುತ್ತಮ್ಮ, ಮೌಸ್ ಎಲ್ಲಿ ಹಿಡೀಲಿ?" ಎಂಥ ಒಳ್ಳೆಯ ಮಾತು! ನಂಬರ್ ಹೊಡೆದು ಎಂಟರ್, ಲೀಟರ್ ಹೊಡೆದು ಎಂಟರ್, ಫ್ಯಾಟ್ ಹೊಡೆದು ಎಂಟರ್, ಅಷ್ಟರಲ್ಲಿ ಲೆಕ್ಕ ಸೇರಬೇಕು. ಕರ್ಸರ್ ತಾನಾಗಿ ಮತ್ತೆ ಮೊದಲ ಬಾಕ್ಸ್‌ಗೆ ಬರಬೇಕು.

ಇಲ್ಲಿ ಒಂದು ಹಳ್ಳ ಇದೆ. ಟಿಕೆಯಲ್ಲಿ ಎಂಟರ್ ಎಂಬ ಈವೆಂಟ್ ಅಂದರೆ ಮೌಸ್ ಪಾಯಿಂಟರ್ ಒಳಗೆ ಬಂದದ್ದು. ಕೀಬೋರ್ಡ್‌ನ ಎಂಟರ್ ಕೀ ಬೇಕಾದರೆ ರಿಟರ್ನ್ ಅಂತ ಬರೆಯಬೇಕು. ಲಿನಕ್ಸ್‌ನಲ್ಲಿ ನಂಬರ್ ಪ್ಯಾಡ್‌ನ ಎಂಟರ್‌ಗೆ ಕೆಪಿ_ಎಂಟರ್ ಅಂತ ಇನ್ನೊಂದು ಹೆಸರು. ಫ್ಯಾಟ್ ಬಾಕ್ಸ್‌ಗೆ ಎಂಟರ್ ಈವೆಂಟ್ ಕಟ್ಟಿದರೆ ಮೌಸ್ ಅದರ ಮೇಲೆ ಹಾದುಹೋದಾಗಲೆಲ್ಲ ಲೆಕ್ಕ ಸೇರಿಸಲು ಹೋಗುತ್ತದೆ. ಡೈರಿಯಲ್ಲಿ ನಂಬರ್ ಪ್ಯಾಡ್ ಬಿಟ್ಟು ಬೇರೆ ಕೀ ಮುಟ್ಟುವುದೇ ಕಡಿಮೆ, ಹಾಗಾಗಿ ಎರಡನ್ನೂ ಕಟ್ಟಿದೆವು.

ಇನ್ನೊಂದು: ಬಟನ್‌ನ ಕಮ್ಯಾಂಡ್ ನಮ್ಮ ಫಂಕ್ಷನ್ನನ್ನು ಬರಿಗೈಯಲ್ಲಿ ಕರೆಯುತ್ತದೆ. ಬೈಂಡ್ ಮಾಡಿದ್ದು ಮಾತ್ರ ಈವೆಂಟ್ ಎಂಬ ವಸ್ತುವನ್ನು ಕೈಗೆ ಕೊಟ್ಟು ಕರೆಯುತ್ತದೆ. ಯಾವ ಕೀ, ಪಾಯಿಂಟರ್ ಎಲ್ಲಿತ್ತು ಇವೆಲ್ಲ ಅದರಲ್ಲಿರುತ್ತವೆ. ಒಂದೇ ಸೇರಿಸು ಫಂಕ್ಷನ್ ಎರಡಕ್ಕೂ ಬೇಕಾದರೆ ಈವೆಂಟ್‌ಗೆ ಮೊದಲೇ ನನ್ ಎಂಬ ಬೆಲೆ ಕೊಟ್ಟಿಡಬೇಕು. ಆಗ ಕೊಟ್ಟರೂ ಸರಿ, ಕೊಡದಿದ್ದರೂ ಸರಿ.

ಕನ್ನಡ ಅಂಕಿ ಟೈಪ್ ಮಾಡಿದರೆ? ಬಾಕ್ಸ್‌ನಿಂದ ಬರುವುದು ಬರೀ ಅಕ್ಷರ, ಅದನ್ನು ಫ್ಲೋಟ್, ಅಂದರೆ ದಶಮಾಂಶ ಸಂಖ್ಯೆ, ಮಾಡಿಕೊಳ್ಳಬೇಕು. ೬.೫ ಎಂದು ಬರೆದರೂ ಪೈಥಾನ್ ಅದನ್ನು 6.5 ಎಂದೇ ಓದುತ್ತದೆ. ನಾವೇನೂ ಮಾಡಬೇಕಿಲ್ಲ. ಆದರೆ ಬಾಕ್ಸ್ ಖಾಲಿ ಇದ್ದರೆ ವ್ಯಾಲ್ಯೂ ಎರರ್ ಬರುತ್ತದೆ. ಅದನ್ನು ಹಿಡಿದು ಲೇಬಲ್‌ನಲ್ಲಿ "ಲೀಟರ್ ಹಾಕಿ" ಅಂತ ತೋರಿಸಬೇಕು.

ಒಟ್ಟು ಲೀಟರ್ ಎಲ್ಲಿಟ್ಟುಕೊಳ್ಳಬೇಕು ಅನ್ನುವುದು ಹೊಸಬರಿಗೆ ನಿಜವಾಗಿ ಗೊಂದಲ. ಹಳೆಯ ಪ್ರೋಗ್ರಾಂನಲ್ಲಿ ಲೂಪ್ ನಮ್ಮದೇ ಇತ್ತು, ಅದರೊಳಗೆ ಒಂದು ವೇರಿಯೇಬಲ್ (ಬೆಲೆ ಇಟ್ಟುಕೊಳ್ಳುವ ಹೆಸರು) ಇಟ್ಟರೆ ಉಳಿದುಕೊಳ್ಳುತ್ತಿತ್ತು. ಈಗ ಲೂಪ್ ಟಿಕೆಯದ್ದು. ನಮ್ಮ ಫಂಕ್ಷನ್ ಬಂದು ಹೋಗುವ ನೆಂಟ. ಓಡಿ ಮುಗಿದ ಕೂಡಲೇ ಒಳಗಿನ ವೇರಿಯೇಬಲ್‌ಗಳೆಲ್ಲ ಹೋಗುತ್ತವೆ. ಒಟ್ಟು ಎಂಬುದನ್ನು ಹೊರಗೆ ಸೊನ್ನೆ ಅಂತ ಇಟ್ಟು, ಫಂಕ್ಷನ್ ಒಳಗೆ ಅದಕ್ಕೆ ಲೀಟರ್ ಕೂಡಿಸಲು ಹೋದರೆ ಅನ್‌ಬೌಂಡ್‌ಲೋಕಲ್ ಎರರ್ ಬರುತ್ತದೆ. ಫಂಕ್ಷನ್ ಒಳಗೆ ಬೆಲೆ ಕೊಟ್ಟ ಹೆಸರನ್ನು ಪೈಥಾನ್ ಒಳಗಿನದ್ದೇ ಅಂದುಕೊಳ್ಳುತ್ತದೆ. ಗ್ಲೋಬಲ್, ಅಂದರೆ ಹೊರಗಿನದ್ದು, ಅಂತ ಹೇಳಬಹುದು. ನನಗೆ ಇಷ್ಟವಾದ ದಾರಿ ಬೇರೆ: ಹೊರಗೆ ಒಂದು ಲಿಸ್ಟ್ ಇಟ್ಟು, ಪ್ರತಿ ಸಲ ಅದಕ್ಕೆ ಒಂದು ದಾಖಲೆ ಅಪೆಂಡ್ ಮಾಡುವುದು, ಅಂದರೆ ಕೊನೆಗೆ ಸೇರಿಸುವುದು. ಒಟ್ಟನ್ನು ಆ ಲಿಸ್ಟ್‌ನಿಂದಲೇ ಲೆಕ್ಕ ಹಾಕುವುದು. ಆಗ ಅಳಿಸುವುದೂ ಸುಲಭ, ಫೈಲ್‌ಗೆ ಬರೆಯುವುದೂ ಸುಲಭ. ಪೈಥಾನ್‌ನ ಕ್ಲಾಸ್ (ದತ್ತಾಂಶ, ಫಂಕ್ಷನ್ ಒಟ್ಟಿಗೆ ಕಟ್ಟುವ ಬಗೆ) ಮಾಡುವುದನ್ನು ಆಮೇಲೆ ಕಲಿತರಾಯಿತು. ಮೊದಲ ದಿನವೇ ಅದರಲ್ಲಿ ಬರುವ ಸೆಲ್ಫ್ ಸೆಲ್ಫ್ ಅಂತ ಹೇಳಿ ಹೆದರಿಸುವುದು ನನಗೆ ಒಪ್ಪಿಗೆಯಿಲ್ಲ.

ಮಕ್ಕಳು ಎಲ್ಲಕ್ಕಿಂತ ಜಾಸ್ತಿ ಕಲಿಯುವುದು ವಿಂಡೋ ಸಿಕ್ಕಿಹಾಕಿಕೊಂಡಾಗ. ಲೆಕ್ಕ ಸೇರಿದ ಮೇಲೆ "ಸೇರಿತು" ಅಂತ ಎರಡು ಸೆಕೆಂಡ್ ತೋರಿಸಿ ಅಳಿಸಬೇಕು ಅಂತ ಒಬ್ಬ ಹುಡುಗನಿಗೆ ಅನಿಸಿತು. ಲೇಬಲ್‌ಗೆ "ಸೇರಿತು" ಕೊಟ್ಟ, ಟೈಮ್ ಸ್ಲೀಪ್ (ಅಷ್ಟು ಹೊತ್ತು ಸುಮ್ಮನಿರು ಎಂಬ ಆಜ್ಞೆ) ಎರಡು ಸೆಕೆಂಡ್ ಹಾಕಿದ, ಆಮೇಲೆ ಲೇಬಲ್ ಖಾಲಿ ಮಾಡಿದ. ಓದಿದರೆ ಸರಿಯಾಗಿಯೇ ಇದೆ. ಓಡಿಸಿದರೆ "ಸೇರಿತು" ಕಾಣಿಸುವುದೇ ಇಲ್ಲ! ಎರಡು ಸೆಕೆಂಡ್ ವಿಂಡೋ ಕಲ್ಲಿನ ಹಾಗೆ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಬಟನ್ ನಾಲ್ಕು ಸಲ ಒತ್ತಿದ್ದರೆ ಎಚ್ಚರವಾದ ಮೇಲೆ ನಾಲ್ಕೂ ಒಂದರ ಹಿಂದೆ ಒಂದು ಬರುತ್ತವೆ.

ನಮ್ಮೂರ ಹಿಟ್ಟಿನ ಗಿರಣಿ ನೆನೆಸಿಕೊಳ್ಳಿ ಅನ್ನುತ್ತೇನೆ. ಡಬ್ಬಿಗಳು ಸಾಲಾಗಿ ಇಟ್ಟಿರುತ್ತವೆ. ಮಿಷನ್ ಒಂದೇ. ನಿಮ್ಮ ರಾಗಿ ಎರಡು ಕೆಜಿಯೇ ಇರಬಹುದು, ಆದರೆ ಮುಂದಿನವರು ಮೂಟೆ ಇಳಿಸಿದ್ದರೆ ಅದು ಮುಗಿಯುವವರೆಗೆ ಕಾಯಲೇಬೇಕು. ಮೇನ್‌ಲೂಪ್ ಕೂಡ ಒಂದೇ ಮಿಷನ್. ಲೇಬಲ್‌ಗೆ ಹೊಸ ಅಕ್ಷರ ಕೊಟ್ಟ ಕೂಡಲೇ ಅದು ತೆರೆಯ ಮೇಲೆ ಬರುವುದಿಲ್ಲ. "ಇದನ್ನು ಮತ್ತೆ ಬರೆಯಬೇಕು" ಎಂಬ ಚೀಟಿ ಸಾಲಿಗೆ ಸೇರುತ್ತದೆ, ಅಷ್ಟೇ. ನಮ್ಮ ಫಂಕ್ಷನ್ ಮುಗಿದು ಲೂಪ್ ಕೈಗೆ ವಾಪಸ್ ಹೋದ ಮೇಲೆ ಆ ಡಬ್ಬಿಯ ಸರದಿ. ಅಷ್ಟರಲ್ಲಿ ಲೇಬಲ್ ಖಾಲಿಯಾಗಿಬಿಟ್ಟಿದೆ.

ಇದೇ ಕಾರಣಕ್ಕೆ ವಿಂಡೋಸ್‌ನಲ್ಲಿ ಪ್ರೋಗ್ರಾಂಗಳು ಬಿಳಿಚಿಕೊಂಡು "ನಾಟ್ ರೆಸ್ಪಾಂಡಿಂಗ್" ಅನ್ನುವುದು. ಐದು ಸೆಕೆಂಡ್ ಹೊತ್ತು ಸಾಲಿನಿಂದ ಒಂದೂ ಚೀಟಿ ತೆಗೆಯಲಿಲ್ಲ ಅಂದರೆ ವಿಂಡೋಸ್ ಆ ಪ್ರೋಗ್ರಾಂ ಸಿಕ್ಕಿಹಾಕಿಕೊಂಡಿದೆ ಅಂತ ತೀರ್ಮಾನಿಸುತ್ತದೆ. ಆಂಡ್ರಾಯ್ಡ್‌ನಲ್ಲೂ ಬೆರಳಿನ ಒತ್ತಿಗೆ ಐದು ಸೆಕೆಂಡ್ ಉತ್ತರ ಬರದಿದ್ದರೆ ಆ್ಯಪ್ ಮುಚ್ಚಬೇಕಾ ಅಂತ ಕೇಳುವುದು ಇದಕ್ಕೇ.

ಹಾಗಾದರೆ ಎರಡು ಸೆಕೆಂಡ್ ಕಾಯುವುದು ಹೇಗೆ? ನಾವು ಕಾಯಬಾರದು, ಲೂಪ್‌ಗೆ ಹೇಳಿ ಹೊರಡಬೇಕು. ಟಿಕಿಂಟರ್‌ನಲ್ಲಿ ಆಫ್ಟರ್ ಎಂಬುದಿದೆ. 2000 ಮಿಲಿಸೆಕೆಂಡ್ ಆದ ಮೇಲೆ ಈ ಫಂಕ್ಷನ್ ಓಡಿಸು ಅಂತ ಹೇಳಿದರೆ ಅದು ತಕ್ಷಣ ವಾಪಸ್ ಬರುತ್ತದೆ. ನಮ್ಮ ಫಂಕ್ಷನ್ ಮುಗಿಯುತ್ತದೆ. "ಸೇರಿತು" ತೆರೆಗೆ ಬರುತ್ತದೆ. ಬಟನ್, ಬಾಕ್ಸ್ ಎಲ್ಲ ಜೀವಂತ ಇರುತ್ತವೆ. ಸಮಯವಾದಾಗ ಅಳಿಸುವ ಫಂಕ್ಷನ್ ತಾನಾಗಿ ಓಡುತ್ತದೆ. ಅಲ್ಲಿಯೂ ಕಂಸ ಹಾಕಬಾರದು, ಮರೆಯಬೇಡಿ.

ಆಫ್ಟರ್ ಸಿಕ್ಕ ಮೇಲೆ ಮಕ್ಕಳು ಗಡಿಯಾರ ಮಾಡದೆ ಬಿಡುವುದಿಲ್ಲ. ಗಡಿಯಾರದ ಫಂಕ್ಷನ್ ಸಮಯ ಬರೆದು, ಕೊನೆಯಲ್ಲಿ ತನ್ನನ್ನೇ ಒಂದು ಸೆಕೆಂಡ್ ಬಿಟ್ಟು ಕರೆಯಲು ಹೇಳಿ ಹೋಗುತ್ತದೆ. ಸೆಕೆಂಡ್ ಸೆಕೆಂಡ್‌ಗೆ ಒಂದು ಕೂಡಿಸುತ್ತಾ ಹೋದರೆ ಸ್ವಲ್ಪ ಹೊತ್ತಿನಲ್ಲಿ ಹಿಂದೆ ಬೀಳುತ್ತದೆ. ಸಾಲಿನಲ್ಲಿ ಬೇರೆ ಕೆಲಸ ಇದ್ದರೆ ನಮ್ಮ ಸರದಿ ತಡವಾಗುತ್ತದಲ್ವಾ? ಪ್ರತಿ ಸಲ ಕಂಪ್ಯೂಟರ್‌ನ ಸಮಯವನ್ನೇ ಕೇಳಿ ಬರೆಯಬೇಕು. ನಿಜವಾಗಿ ಹೊತ್ತು ಹಿಡಿಯುವ ಕೆಲಸ, ಅಂದರೆ ದೊಡ್ಡ ಫೈಲ್ ಇಳಿಸುವುದೋ ಇನ್ನೊಂದೋ ಇದ್ದರೆ ಥ್ರೆಡ್, ಅಂದರೆ ಪಕ್ಕದಲ್ಲೇ ಬೇರೆಯಾಗಿ ಓಡುವ ಇನ್ನೊಂದು ಕೆಲಸದ ಎಳೆ, ಬೇಕಾಗುತ್ತದೆ. ಅದು ಮುಂದಿನ ಮಾತು. ಆ ಥ್ರೆಡ್‌ನಿಂದ ನೇರವಾಗಿ ಲೇಬಲ್, ಬಟನ್ ಮುಟ್ಟಬಾರದು ಅನ್ನುವುದಷ್ಟು ಈಗ ನೆನಪಿರಲಿ.

ಕ್ಯಾಲ್ಕುಲೇಟರ್ ಮಾಡುವವರಿಗೆ ಒಂದು ಮಾತು. ಸೊನ್ನೆಯಿಂದ ಒಂಬತ್ತರವರೆಗೆ ಫಾರ್ ಲೂಪ್‌ನಲ್ಲಿ ಬಟನ್ ಮಾಡಿ, ಲ್ಯಾಂಬ್ಡಾದಲ್ಲಿ (ಹೆಸರಿಲ್ಲದ ಚಿಕ್ಕ ಫಂಕ್ಷನ್ನಿನಲ್ಲಿ) ಆ ಅಂಕಿ ಕೊಟ್ಟರೆ ಯಾವ ಬಟನ್ ಒತ್ತಿದರೂ 9 ಬರುತ್ತದೆ. ಲ್ಯಾಂಬ್ಡಾ ಅಂಕಿಯನ್ನು ಹಿಡಿದುಕೊಂಡಿರುವುದಿಲ್ಲ, ಅಂಕಿಯ ಹೆಸರನ್ನು ಹಿಡಿದುಕೊಂಡಿರುತ್ತದೆ. ಬಟನ್ ಒತ್ತುವ ಹೊತ್ತಿಗೆ ಫಾರ್ ಲೂಪ್ ಮುಗಿದು ಆ ಹೆಸರಿನಲ್ಲಿ 9 ಕೂತಿದೆ. ಲ್ಯಾಂಬ್ಡಾದ ಆರ್ಗ್ಯುಮೆಂಟ್‌ನಲ್ಲಿ ಅಂಕಿ=ಅಂಕಿ ಎಂದು ಬರೆದರೆ ಆಗಿನ ಬೆಲೆ ಅಲ್ಲೇ ಉಳಿಯುತ್ತದೆ. ಬರೆದದ್ದು ಒಂದು ಹೊತ್ತು, ಓಡುವುದು ಇನ್ನೊಂದು ಹೊತ್ತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ವಿಂಡೋ ಮುಚ್ಚಲು ಮೇಲೆ ಇರುವ ಕತ್ತರಿ (×) ಗುರುತು ಒತ್ತುವುದೂ ಒಂದು ಈವೆಂಟ್. ಅದಕ್ಕೆ ಪ್ರೊಟೊಕಾಲ್ ಎಂಬುದರ ಮೂಲಕ ನಮ್ಮ ಫಂಕ್ಷನ್ ಕಟ್ಟಿದರೆ, ಆ ಫಂಕ್ಷನ್ ಡೆಸ್ಟ್ರಾಯ್ ಅನ್ನುವವರೆಗೂ ವಿಂಡೋ ಮುಚ್ಚುವುದಿಲ್ಲ. ಡೈರಿ ಪ್ರೋಗ್ರಾಂನಲ್ಲಿ ಇದು ಬೇಕೇ ಬೇಕು. ಆ ದಿನದ ಲೆಕ್ಕ ಫೈಲ್‌ಗೆ ಬರೆಯದೆ ಮುಚ್ಚಿಬಿಟ್ಟರೆ ಪಾಪ, ಇಡೀ ಬೆಳಗಿನ ಕೆಲಸ ಹೋಯಿತು. "ಲೆಕ್ಕ ಉಳಿಸಿ ಮುಚ್ಚಲಾ?" ಅಂತ ಹೌದು, ಇಲ್ಲ ಕೇಳುವ ಮೆಸೇಜ್‌ಬಾಕ್ಸ್ ಹಾಕಿದೆವು.

ಆಗ ಅದೇ ಹುಡುಗಿ ಕೇಳಿದಳು: "ಮೇಡಂ, ಫಂಕ್ಷನ್ ಬೇಗ ಮುಗೀಬೇಕು, ಇಲ್ಲಾಂದ್ರೆ ವಿಂಡೋ ಸಿಕ್ಕಿಹಾಕ್ಕೊಳ್ಳುತ್ತೆ ಅಂದ್ರಿ. ಮೆಸೇಜ್‌ಬಾಕ್ಸ್ ಸಾಲು ಮಾತ್ರ ಉತ್ತರ ಕೊಡೋವರೆಗೂ ಅಲ್ಲೇ ನಿಂತಿರುತ್ತೆ. ಆದ್ರೂ ಅದರ ಬಟನ್ ಕೆಲಸ ಮಾಡುತ್ತಲ್ಲ, ಹೇಗೆ?" ಇದನ್ನು ನಾನು ಹೇಳಿಕೊಟ್ಟಿರಲಿಲ್ಲ, ಅವಳೇ ಗಮನಿಸಿದ್ದು. ಉತ್ತರ ಹೇಳುವ ಮೊದಲು ಸ್ವಲ್ಪ ಹೊತ್ತು ಎಲ್ಲರನ್ನೂ ಯೋಚಿಸಲು ಬಿಟ್ಟೆ. ಟರ್ಮಿನಲ್‌ನ ಹದಿನೈದು ಸಾಲು ಬರೆದಿದ್ದ ಇನ್ನೊಬ್ಬ ಹುಡುಗ ಹಿಂದಿನ ಬೆಂಚಿನಿಂದ ಹೇಳಿದ: "ಅದರೊಳಗೆ ಇನ್ನೊಂದು ಲೂಪ್ ಇರಬೇಕು." ಹೌದು, ಇದೆ. ಉತ್ತರ ಬರುವವರೆಗೆ ಮೆಸೇಜ್‌ಬಾಕ್ಸ್ ತನ್ನದೇ ಒಂದು ಲೂಪ್ ಓಡಿಸಿಕೊಂಡು ಈವೆಂಟ್‌ಗಳನ್ನು ನೋಡಿಕೊಳ್ಳುತ್ತದೆ. ಹೌದು ಅಥವಾ ಇಲ್ಲ ಒತ್ತಿದ ಮೇಲೆ ಆ ಲೂಪ್ ನಿಂತು, ನಮ್ಮ ಫಂಕ್ಷನ್ ಮುಂದಿನ ಸಾಲಿಗೆ ಹೋಗುತ್ತದೆ.